ಕೈಗೂ ಒಂದು ಜೀರ್ಣೋದ್ಧಾರ

ಮೊನ್ನೆ ಭಾನುವಾರ ಬೆಳಿಗ್ಗೆ ಶಾಸನಗಳ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಮರುದಿನದ ತರಗತಿಗೆ ಟಿಪ್ಪಣಿ ಬರೆಯುತ್ತಿದ್ದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಭಾನುವಾರವೆಂದು ಮಗ್ಗಗಳಿಗೆ ಬಿಡುವಿಲ್ಲ. ಅವುಗಳ ಸದ್ದು ಕಿವಿಗೆ ಬೀಳುತ್ತಿದ್ದರೇ ನಮಗೆ ಓದಿನಲ್ಲಿ ಮನಸ್ಸು ನಿಲ್ಲುವುದು. ಆ ಸದ್ದಿನ ನಡುವೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಹಿಂದೆ ಅವನ ತಾಯಿ. ಹುಡುಗನು ಎಡಗೈಯಲ್ಲಿ ಒಂದು ಬಟ್ಟೆಯ ಚೀಲವನ್ನು ಹಿಡಿದಿದ್ದನು. ಕುಳಿತವನೇ ಅದರೊಳಗಿಂದ ತೆಗೆದು, ನನ್ನ ಪುಸ್ತಕದ ಪಕ್ಕದಲ್ಲಿ ಒಂದು ಕೈಯನ್ನು ಇಟ್ಟನು.

“ಸಾರ್, ಹದಿನೈದು ದಿನದಿಂದ ಇದು ನನ್ನ ಮಾತು ಕೇಳುತ್ತಿಲ್ಲ” ಎಂದನು.

ಆ ಕೈಯ ಪೂರ್ವಕಥೆಯನ್ನು ನಾನು ಬಲ್ಲೆ. ಆರು ವರ್ಷಗಳ ಹಿಂದೆ ಸಣ್ಣದೊಂದು ಕಾರ್ಖಾನೆಯ ಯಂತ್ರ ಅವನ ಬಲಗೈಯನ್ನು ಮೊಣಕೈಯ ಕೆಳಗೆ ಕಸಿದುಕೊಂಡಿತು. ನಾಲ್ಕು ವರ್ಷಗಳ ಹಿಂದೆ ನಂಟರಿಷ್ಟರ ಸಾಲ, ಊರ ದಾನಿಗಳ ಉದಾರತೆ ಎರಡೂ ಕೂಡಿ ಈ ವಿದ್ಯುನ್ಮಾನ ಕೈ ಬಂದಿತು. ಅಂದು ಸಮಾರಂಭ ನಡೆಯಿತು; ಶಾಲು, ಹಾರ, ಛಾಯಾಚಿತ್ರ ಎಲ್ಲವೂ ಆದುವು. ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ಹುಡುಗನು ಆ ಕೈಯಿಂದ ನೀರಿನ ಲೋಟವನ್ನೆತ್ತಿ ಕುಡಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಕೈ ಮುಂದೆ ಎಂದಾದರೂ ಕೆಟ್ಟೀತೆಂಬ ಯೋಚನೆ ಆ ಸಭೆಯಲ್ಲಿ ಒಬ್ಬರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಈಗ ಅದು ಕೆಟ್ಟಿದೆ. ವಾರಂಟಿಯ ಅವಧಿ ಎಂದೋ ಮುಗಿದಿದೆ. ಮಾರಿದವರನ್ನು ಕೇಳಿದರೆ, ಕೈಯನ್ನು ಹೊರರಾಜ್ಯಕ್ಕೆ ಕಳುಹಿಸಬೇಕು, ಎರಡು ಮೂರು ತಿಂಗಳು ಹಿಡಿಯುತ್ತದೆ, ಖರ್ಚು ಹೊಸ ಕೈಯ ಅರ್ಧ ಬೆಲೆಯ ಸಮೀಪಕ್ಕೆ ಹೋದೀತು ಎಂದರಂತೆ. ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆದು ಜೀವಿಸುವ ಹುಡುಗ. ಹಳೆಯ ಸಾಲವೇ ತೀರಿಲ್ಲ.

“ಮೇಷ್ಟ್ರೇ, ಹುಟ್ಟಿದಾಗ ಬಂದ ಕೈಗೆ ಯಾರೂ ವಾಯಿದೆ ಹಾಕಿರಲಿಲ್ಲ. ಕೊಂಡ ಕೈಗೆ ಎರಡೇ ವರ್ಷವಂತೆ. ಇವನಿಗಿನ್ನೂ ಇಪ್ಪತ್ತಾರು” ಎಂದರು ತಾಯಿ. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇಂಥ ಕೈ ಕೆಲಸ ಮಾಡುವ ಬಗೆಯನ್ನು ಆಮೇಲೆ ತಿಳಿದುಕೊಂಡೆ. ವಾಚಕರಿಗೂ ತಿಳಿದಿರುವುದು ಒಳ್ಳೆಯದು. ಹಸ್ತ ಹೋದರೂ ಅದನ್ನು ಆಡಿಸುತ್ತಿದ್ದ ಸ್ನಾಯುಗಳು ಉಳಿದ ಮುಂಗೈಯಲ್ಲಿ ಇರುತ್ತವೆ. ‘ಮುಷ್ಟಿ ಕಟ್ಟು’ ಎಂದು ಮನಸ್ಸು ಆಜ್ಞಾಪಿಸಿದೊಡನೆ ಆ ಸ್ನಾಯು ಬಿಗಿಯುತ್ತದೆ. ಬಿಗಿದಾಗ ಚರ್ಮದ ಮೇಲೆ ಅತ್ಯಲ್ಪವಾದ ವಿದ್ಯುತ್ತು ತೋರುತ್ತದೆ. ಸಾಮಾನ್ಯವಾಗಿ ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಕೃತಕ ಕೈಯ ಒಳಮೈಯಲ್ಲಿರುವ ಎಲೆಕ್ಟ್ರೋಡ್ ಎಂಬ ಲೋಹದ ಬಿಲ್ಲೆಗಳು ಅದನ್ನು ಹಿಡಿದು, ವರ್ಧಿಸಿ, ಮೋಟಾರಿಗೆ ತಿಳಿಸುತ್ತವೆ, ಬೆರಳು ಮುಚ್ಚುತ್ತದೆ. ಸ್ನಾಯುವಿನ ಪಿಸುಮಾತನ್ನು ಯಂತ್ರವು ಕಿವಿಗೊಟ್ಟು ಕೇಳಬೇಕು. ಬಿಲ್ಲೆ ಚರ್ಮದಿಂದ ಒಂದಿಷ್ಟು ದೂರ ಸರಿದರೂ ಆ ಮಾತು ಕೇಳಿಸದು.

ಹುಡುಗನನ್ನು ಕರೆದುಕೊಂಡು ಮೊದಲು ನಮ್ಮ ಬಸ್ ನಿಲ್ದಾಣದ ಬಳಿ ಮೊಬೈಲು ರಿಪೇರಿ ಮಾಡುವ ತರುಣನ ಅಂಗಡಿಗೆ ಹೋದೆ. ಅವನು ಕನ್ನಡಕವೇರಿಸಿ ಬಹಳ ಹೊತ್ತು ನೋಡಿದನು. ಮಣಿಕಟ್ಟಿನ ಬಳಿ ಒಂದು ತಂತಿ ಬಾಗಿ ಬಾಗಿ ಸವೆದಿತ್ತು, ಅದನ್ನು ಬೆಸೆದುಕೊಟ್ಟನು. ಒಳಗಿನ ಬೋರ್ಡನ್ನು ಮಾತ್ರ ಮುಟ್ಟಲೊಲ್ಲನು. “ಅಣ್ಣ, ಫೋನು ಹಾಳಾದ್ರೆ ಇನ್ನೊಂದು ತಂದುಕೊಡ್ತೀನಿ. ನಿನ್ನ ಕೈ ಹಾಳಾದ್ರೆ ಎಲ್ಲಿಂದ ತರಲಿ?” ಎಂದನು. ತನಗೆ ಬಾರದುದನ್ನು ಬಾರದೆನ್ನುವ ಕಸಬುದಾರನು ಸಿಕ್ಕುವುದು ಭಾಗ್ಯವೇ ಸರಿ. ಕೂಲಿಯನ್ನೂ ಅವನು ತೆಗೆದುಕೊಳ್ಳಲಿಲ್ಲ.

ತಂತಿ ಸರಿಯಾದರೂ ಕೈ ಪೂರ್ತಿಯಾಗಿ ಏಳಲಿಲ್ಲ. ಒಮ್ಮೆ ಆಡುವುದು, ಹತ್ತು ಬಾರಿ ಸುಮ್ಮನಿರುವುದು. ಮುಂದಿನ ವಾರ ಬೆಂಗಳೂರಿನ ಒಂದು ಅಂಗಜೋಡಣಾ ಕೇಂದ್ರಕ್ಕೆ ಹೋದೆವು. ಅಲ್ಲಿಯ ತಂತ್ರಜ್ಞರು ನಡುವಯಸ್ಸಿನ ಹೆಣ್ಣುಮಗಳು. ಎಲೆಕ್ಟ್ರೋಡುಗಳನ್ನು ಹೊರತೆಗೆದು, ಒದ್ದೆಬಟ್ಟೆಯಿಂದ ಒರೆಸಿ, ಹುಡುಗನ ಮುಂಗೈಗೆ ತಮ್ಮ ಬೆರಳಿನಿಂದಲೇ ಒತ್ತಿಹಿಡಿದು “ಈಗ ಮುಷ್ಟಿ ಕಟ್ಟಪ್ಪಾ” ಎಂದರು. ಮೇಜಿನ ಮೇಲೆ ಬಿದ್ದಿದ್ದ ಕೈ ತಟ್ಟನೆ ಮುಷ್ಟಿ ಕಟ್ಟಿತು! ನನ್ನ ಮೈ ಜುಮ್ಮೆಂದಿತು. ಆಕೆ ಮಾತ್ರ ನಕ್ಕು, “ಕೈ ಕೆಟ್ಟಿಲ್ಲ, ನೀನು ಬಡವಾಗಿದ್ದೀಯ” ಎಂದರು.

ಸಂಗತಿ ಇಷ್ಟೇ. ನಾಲ್ಕು ವರ್ಷಗಳಲ್ಲಿ ಉಳಿದ ಮುಂಗೈ ಸೊರಗಿತ್ತು. ಅದು ಕುಳಿತುಕೊಳ್ಳುವ ಸಾಕೆಟ್ ಸಡಿಲವಾಗಿತ್ತು. ಬಿಲ್ಲೆಗಳು ಚರ್ಮವನ್ನು ಮುಟ್ಟುತ್ತಿರಲಿಲ್ಲ. ಸಾಕೆಟ್ಟನ್ನು ಹೊಂದಿಸಿದರು. ಬಳಲಿದ್ದ ಬ್ಯಾಟರಿಗೆ ಪ್ರತಿಯಾಗಿ ಅದೇ ಜಾತಿಯದನ್ನು ತರಿಸಿ ಹಾಕಿದರು. ಎಲ್ಲ ಸೇರಿ ಆದ ವೆಚ್ಚ ಹುಡುಗನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ.

ಹೀಗೆಯೇ ಎಲ್ಲರಿಗೂ ಆಗುವುದೆಂದು ಹೇಳಲಾರೆ. ಆದರೆ ಆಕೆ ಕಲಿಸಿದ ಪಾಠಗಳು ಎಲ್ಲರಿಗೂ ಉಪಯುಕ್ತವಾದುವು. ಕೃತಕ ಕೈ ನಿಂತೊಡನೆ ಯಂತ್ರವೇ ಸತ್ತಿತೆಂದು ತಿಳಿಯಬಾರದು. ಮೊದಲು ಬ್ಯಾಟರಿ, ಆಮೇಲೆ ತಂತಿ, ಆಮೇಲೆ ಸಾಕೆಟ್, ಆಮೇಲೆ ಬೆವರು ಕುಳಿತ ಎಲೆಕ್ಟ್ರೋಡ್, ಇವನ್ನು ನೋಡಬೇಕು. ಇವು ಕಡಿಮೆ ಖರ್ಚಿನಲ್ಲಿ ಮುಗಿಯಬಹುದಾದ ರೋಗಗಳು. ಹೊರಗಿನ ಕೈಗವಸು ಹರಿದರೆ ಕೂಡಲೇ ಬದಲಿಸಬೇಕು. ಇಲ್ಲವಾದರೆ ನೀರೂ ದೂಳೂ ಒಳಹೊಕ್ಕು ಮೋಟಾರನ್ನು ತಿನ್ನುತ್ತವೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚುವುದಾಗಲಿ, ಪೇಟೆಯಲ್ಲಿ ಸಿಕ್ಕಿದ ಬೇರೊಂದನ್ನು ತುರುಕುವುದಾಗಲಿ ಕೂಡದು, ಬೆಂಕಿಯ ಭಯವಿದೆ. ಬೋರ್ಡು ಕೆಟ್ಟಿದ್ದರೆ ಮಾತ್ರ ತಯಾರಕರ ಬಾಗಿಲೇ ಗತಿ. ಕಾಲಿನ ವಿಷಯ ಬೇರೆ. ಸಣ್ಣ ಗಣಕವನ್ನೇ ಒಳಗಿಟ್ಟುಕೊಂಡ ಮೊಣಕಾಲುಗಳು ಬಂದಿವೆ. ಅವುಗಳನ್ನು ಬೀದಿಯ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಕೈ ತಪ್ಪಿದರೆ ಲೋಟ ಬೀಳುತ್ತದೆ. ಕಾಲು ತಪ್ಪಿದರೆ ಮನುಷ್ಯನೇ ಬೀಳುತ್ತಾನೆ.

ಕೃತಕ ಅವಯವದ ಆಸೆ ನಮ್ಮ ದೇಶಕ್ಕೆ ಹೊಸದಲ್ಲ. ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀ ದೇವತೆಗಳು ಲೋಹದ ಕಾಲನ್ನು ಕೊಟ್ಟ ಕಥೆ ಋಗ್ವೇದದಲ್ಲಿಯೇ ಇದೆ. ಆ ಕಾಲು ಕೆಟ್ಟಾಗ ಆಕೆ ಯಾರ ಬಳಿಗೆ ಹೋದಳೋ! ದೇವವೈದ್ಯರಿಗೆ ವಾರಂಟಿಯ ಚಿಂತೆ ಇದ್ದಂತಿಲ್ಲ. ನಮ್ಮ ಕಾಲಕ್ಕೆ ಬಂದರೆ, 1968ರಲ್ಲಿ ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮರೂ ವೈದ್ಯ ಪಿ. ಕೆ. ಸೇಠಿಯವರೂ ಕೂಡಿ ರಬ್ಬರು ಮರಗಳಿಂದ ರೂಪಿಸಿದ ‘ಜೈಪುರ ಪಾದ’ ಲೋಕಪ್ರಸಿದ್ಧವಾಯಿತು. ಅದರ ಹಿರಿಮೆ ಅಗ್ಗದ ಬೆಲೆಯಲ್ಲಿ ಮಾತ್ರವಿಲ್ಲ. ಅದು ಸವೆದರೆ ಸಾಮಾನ್ಯ ಕುಶಲಕರ್ಮಿಯ ಕೈಗೂ ಎಟಕುವ ವಸ್ತು. ವಿದ್ಯುನ್ಮಾನ ಕೈ ಹೆಚ್ಚು ಜಾಣ, ನಿಜ. ಆದರೆ ಅದರ ಜಾಣತನದ ಬೀಗದ ಕೈ ಮಾರಿದವರ ಜೇಬಿನಲ್ಲಿದೆ.

ರಿಪೇರಿಯ ಹಕ್ಕೆಂಬ ಮಾತನ್ನು ನಮ್ಮ ಕೇಂದ್ರ ಸರ್ಕಾರವೂ ಎತ್ತಿಕೊಂಡಿತು. 2022ರ ಜುಲೈಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಮೊದಲಿಗೆ ಆರಿಸಿದುದು ನಾಲ್ಕು ಬಗೆಯ ವಸ್ತುಗಳನ್ನು: ಬೇಸಾಯದ ಯಂತ್ರಗಳು, ಮೊಬೈಲು ಮೊದಲಾದುವು, ಮನೆಬಳಕೆಯ ಯಂತ್ರಗಳು, ವಾಹನಗಳು. ಟ್ರಾಕ್ಟರಿಗೆ ಸ್ಥಾನ ದೊರೆಯಿತು, ಸಂತೋಷ. ಅದನ್ನು ನಡೆಸುವವನ ಕೃತಕ ಕೈಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ಹಾಗೆಂದು ದಿಕ್ಕೇ ಇಲ್ಲವೆನ್ನಬೇಕಾಗಿಲ್ಲ. ಬೆಂಗಳೂರಿನ ಜೆ. ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆ ಇದೆ. 1994ರಲ್ಲಿ ಆರಂಭವಾದ ಅದು ಅಂಗಗಳನ್ನು ಜೋಡಿಸುವುದಲ್ಲದೆ ಆ ವಿದ್ಯೆಯನ್ನು ಕಲಿಸುತ್ತಲೂ ಇದೆ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆ ಅಲಿಮ್ಕೋಗೆ ಬೆಂಗಳೂರಿನಲ್ಲಿಯೂ ಒಂದು ಘಟಕವಿದೆ. ಹಳ್ಳಿಯವರು ತಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ವಿಚಾರಿಸಬಹುದು. ಕಾರ್ಮಿಕ ರಾಜ್ಯ ವಿಮೆಗೆ ಸೇರಿದ ಕೆಲಸಗಾರನು ಕೃತಕ ಅಂಗಕ್ಕಾಗಿ ಆ ವಿಮೆಯನ್ನೇ ಕೇಳಬಹುದು. ನಮ್ಮ ಹುಡುಗನ ಹೆಸರನ್ನು ಅವನ ಕಾರ್ಖಾನೆಯವರು ಅದಕ್ಕೆ ಸೇರಿಸಿರಲಿಲ್ಲ. ಮಾರಿದವರು ಕೊಟ್ಟ ಮಾತಿಗೆ ತಪ್ಪಿದರೆ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿ ಕೊಟ್ಟು ಕೊಂಡ ವಸ್ತುವಿನವರೆಗೆ ಅಲ್ಲಿ ದೂರಿಗೆ ಶುಲ್ಕವಿಲ್ಲ.

ಇನ್ನು ಮೊದಲು ಹೇಳಿದ ಶಾಸನದ ಪುಸ್ತಕದ ಮಾತು. ನಮ್ಮ ಕನ್ನಡ ಶಾಸನಗಳನ್ನು ಓದಿದವರು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದವನ್ನು ಮತ್ತೆ ಮತ್ತೆ ಕಂಡಿರುತ್ತಾರೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದೆಂದು ಅದರ ಅರ್ಥ. ಗುಡಿಗೆ ಭೂಮಿ ಬಿಟ್ಟ ದಾನಿಯು ದೇವರ ಪೂಜೆಗೆ ಬಿಡುವಂತೆಯೇ ಈ ರಿಪೇರಿಗೂ ಬಿಡುತ್ತಿದ್ದನು. ಕೆರೆ ಕಟ್ಟಿಸಿದವನಿಗೂ ಕೆರೆಯ ರಕ್ಷಣೆಗೂ ಬಿತ್ತುವಟ್ಟವೆಂದು ಗದ್ದೆ ಬಿಡುತ್ತಿದ್ದರು. ಕಲ್ಲಿನ ಗುಡಿಯೂ ಒಂದು ದಿನ ಬಿರಿಯುತ್ತದೆಂದು ಅವರು ಅರಿತಿದ್ದರು. ಅದನ್ನು ಮಕ್ಕಳಿಗೆ ಪಾಠ ಹೇಳುವ ನಾನು, ಪ್ಲಾಸ್ಟಿಕ್ಕಿನ ಕೈಯೊಂದು ಚಿರಕಾಲ ಬಾಳುವುದೆಂದು ನಂಬಿ ಭಾಷಣ ಮಾಡಿ ಬಂದಿದ್ದೆನಲ್ಲ!

ಕೊಳ್ಳುವವರೂ ಕೊಡುವವರೂ ಮೊದಲೇ ಕೆಲವು ಮಾತು ಕೇಳಬೇಕು. ವಾರಂಟಿ ಮುಗಿದ ಮೇಲೆ ಬ್ಯಾಟರಿ ಎಷ್ಟು ವರ್ಷ ಸಿಗುತ್ತದೆ? ರಿಪೇರಿ ಎಲ್ಲಿ, ಎಷ್ಟು ದಿನ? ಅಷ್ಟು ದಿನ ಬದಲಿ ಕೈ ಕೊಡುವಿರಾ? ಸಾಕೆಟ್ಟನ್ನು ಇಲ್ಲಿಯೇ ಬದಲಿಸಬಹುದೆ? ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಹಳೆಯ ಸಾದಾ ಕೊಕ್ಕೆಯ ಕೈಯಿದ್ದರೆ ಎಸೆಯದೆ ಇಟ್ಟುಕೊಳ್ಳಬೇಕು.

ಕಳೆದ ವಾರ ದೇವನಹಳ್ಳಿಯ ಕಡೆಯ ಮಿತ್ರರೊಬ್ಬರು ಬಂದಿದ್ದರು. ಅವರ ಸಂಘದಿಂದ ಇಬ್ಬರಿಗೆ ಇಂಥವೇ ಕೈಗಳನ್ನು ಕೊಡುತ್ತಾರಂತೆ. ನಾನು ಭಾಷಣಕ್ಕೆ ಬರಬೇಕಂತೆ. “ಬರುತ್ತೇನೆ. ಜೀರ್ಣೋದ್ಧಾರಕ್ಕೆ ಏನು ಬಿಟ್ಟಿದ್ದೀರಿ?” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಕಥೆಯನ್ನೆಲ್ಲ ಹೇಳಿದೆ. ಹಾರ ಶಾಲುಗಳ ಹಣವನ್ನು ಬ್ಯಾಂಕಿನಲ್ಲಿಡುವ ಮಾತನ್ನು ಸಮಿತಿಯ ಮುಂದಿಡುವೆನೆಂದು ಹೋಗಿದ್ದಾರೆ. ಸಮಿತಿ ಒಪ್ಪಿತೆಂದು ಕಾಗದ ಬಂದ ಮೇಲೆ ಭಾಷಣಕ್ಕೆ ಸಿದ್ಧತೆ ಮಾಡಿಕೊಳ್ಳುವೆನು.