ಅಂಕಪಟ್ಟಿ ಕೊಟ್ಟೆವು, ಅನ್ನದ ದಾರಿ ಎಲ್ಲಿ?

ಗೆಳೆಯರೇ, ಒಮ್ಮೆ ಭೂಪಟ ತೆಗೆಯಿರಿ. ಲೋಂಡಾದಿಂದ ಗೋವಾ ಕಡೆ ಹೊರಟ ರೈಲುಹಳಿಯ ಮೇಲೆ ಬೆರಳಿಡಿ. ಘಟ್ಟ ಇಳಿಯುವ ಮೊದಲು ಸಿಗುವುದು ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಇದು ಗಡಿಯ ಸುಂಕದ ಕಟ್ಟೆ. ಗಂಟುಮೂಟೆ ಬಿಚ್ಚಿ ತೋರಿಸಿದ ಮೇಲೆಯೇ ಮುಂದಿನ ದಾರಿ. 1961ರಲ್ಲಿ ಗೋವಾ ಬಿಡುಗಡೆಯಾಯಿತು, ಆ ಕಟ್ಟೆಯೂ ಹೋಯಿತು.

ಆದರೆ ಇನ್ನೊಂದು ಕಟ್ಟೆ ಹಾಗೇ ನಿಂತಿದೆ. ಕಣ್ಣು ಕಾಣದ, ಕಿವಿ ಕೇಳದ, ಕಾಲಿಗೆ ಬಲವಿಲ್ಲದ ಮಕ್ಕಳು ಶಾಲೆ ಮುಗಿಸಿ ಬಂದು ನಿಲ್ಲುವ ಕಟ್ಟೆ. ಅಲ್ಲಿಂದ ಮುಂದೆ ರೈಲು ಇಲ್ಲ. ಮನೆ, ಜಗಲಿ, ಮಾಸಾಶನ. ಇಷ್ಟೇ!

ಕಾನೂನು ಇಲ್ಲವೇ? ಇದೆ ಸ್ವಾಮಿ, ದಂಡಿಯಾಗಿ ಇದೆ. 1995ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 3 ಮೀಸಲು ಇಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು, ವೃತ್ತಿ ತರಬೇತಿ ಕೊಡಿ ಎಂದಿತು. 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರು 13 ಲಕ್ಷ 24 ಸಾವಿರ. ಶಾಲೆಗೆ ಒಂದು ಇಲಾಖೆ, ತರಬೇತಿಗೆ ಇನ್ನೊಂದು, ಮಾಸಾಶನಕ್ಕೆ ಮತ್ತೊಂದು. ಶಾಲೆಯ ಬಾಗಿಲಿಂದ ಕೆಲಸದ ಬಾಗಿಲವರೆಗೆ ಆ ಹುಡುಗಿಯ ಕೈ ಹಿಡಿದು ನಡೆಸುವವರು ಯಾರು?

ಕ್ಯಾಸಲ್‌ರಾಕ್‌ನಂಥ ಊರಲ್ಲಿ ನಿಂತು ಯೋಚಿಸಿ. ಸುತ್ತ ಕಾಡು. ಜಿಲ್ಲಾ ಕೇಂದ್ರ ಕಾರವಾರಕ್ಕೆ ಅಣಶಿ ಘಟ್ಟ ಇಳಿಯಬೇಕು. ವಿಕಲಚೇತನರಿಗೆ ವೃತ್ತಿ ಮಾರ್ಗದರ್ಶನ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಗಾಲಿಕುರ್ಚಿಯ ಹುಡುಗ ಹೋಗುವುದು ಹೇಗೆ? ಜೊತೆಗೆ ಹೋಗುವ ಅಪ್ಪನ ಕೂಲಿ ಕೊಡುವವರು ಯಾರು?

‘ಇದು ಅನುಕಂಪದ ವಿಷಯ, ಭಾಷಾ ಪತ್ರಿಕೆಗೆ ಏಕೆ?’ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ: ಇದು ಭಾಷೆಯದೇ ವಿಷಯ. ಕಣ್ಣಿಲ್ಲದವನಿಗೆ ಕಂಪ್ಯೂಟರ್ ಓದಿ ಹೇಳುತ್ತದೆ. ಯುನಿಕೋಡ್‌ನಲ್ಲಿದ್ದರೆ ಕನ್ನಡವನ್ನೂ ಓದುತ್ತದೆ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ, ಇಲ್ಲವೇ ಸ್ಕ್ಯಾನ್ ಮಾಡಿ ಅಂಟಿಸಿದ ಸುತ್ತೋಲೆ ಅದರ ಬಾಯಲ್ಲಿ ಬರೀ ಗೊಣಗಾಟ, ಇಲ್ಲವೇ ಮೌನ. ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಕೆಲಸದ ತರಬೇತಿ ಇಂಗ್ಲಿಷಿನಲ್ಲಿ ಕೊಟ್ಟರೆ ಅವನಿಗೆ ಅಡ್ಡಿಯಾದದ್ದು ಕಣ್ಣೋ, ಭಾಷೆಯೋ?

ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂತು. 58 ಶಿಫಾರಸು. ಅದನ್ನು ಜಾರಿ ಮಾಡಿ ಎಂದು ಕೂಗಿ ಕೂಗಿ ನಮ್ಮ ಗಂಟಲು ಒಣಗಿದೆ. 2007-08ರಲ್ಲಿ ನೈಋತ್ಯ ರೈಲ್ವೆಯ ಡಿ ಗುಂಪಿನ ನೇಮಕಾತಿಗಾಗಿ ಬೀದಿಗಿಳಿದೆವು. ಸರಿಯೇ. ಆದರೆ ಎದೆ ಮುಟ್ಟಿಕೊಂಡು ಹೇಳೋಣ: ‘ಕನ್ನಡಿಗರಿಗೆ ಕೆಲಸ’ ಎಂದಾಗ ನಮ್ಮ ಕಣ್ಣ ಮುಂದೆ ಬಂದ ಕನ್ನಡಿಗನಿಗೆ ಎರಡು ಕಾಲು, ಎರಡು ಕಣ್ಣು ಇದ್ದವು. ಊರುಗೋಲಿನ ಕನ್ನಡಿಗ ನಮ್ಮ ಬ್ಯಾನರಿನಲ್ಲಿ ಇರಲಿಲ್ಲ.

ಗಡಿಯ ಮನೆಗಳಲ್ಲಿ ಕೊಂಕಣಿ, ಮರಾಠಿ ಆಡುವ ಮಕ್ಕಳಿದ್ದಾರೆ. ಅವರು ಕನ್ನಡ ಕಲಿಯಲಿ ಎನ್ನುತ್ತೇವೆ. ಕಲಿತವರಿಗೆ ಕನ್ನಡ ಏನು ಕೊಟ್ಟಿತು? ಗಡಿಯಲ್ಲಿ ಕನ್ನಡದ ಬೋರ್ಡು ನಿಲ್ಲಿಸಿದರೆ ಕನ್ನಡ ನಿಲ್ಲುವುದಿಲ್ಲ. ಅನ್ನ ಕೊಟ್ಟರೆ ನಿಲ್ಲುತ್ತದೆ.

ಆಗದ ಕೆಲಸವೇನಲ್ಲ. ಇದೇ ಹಳಿ ಹಿಡಿದು ಹುಬ್ಬಳ್ಳಿ ದಾಟಿದರೆ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿದರು, ಸಂಗೀತ ಕಲಿಸಿದರು, ವೇದಿಕೆ ಹತ್ತಿಸಿದರು. ಇಬ್ಬರೂ ಅಂಧರೇ. ಕಲಿಕೆಯಿಂದ ದುಡಿಮೆಗೆ ಸೇತುವೆ ಎಂದರೆ ಅದು. ಬೆಳಗಾವಿ ಕಡೆಯ ಅಂಧ ತರುಣ ಮಹಾಂತೇಶ ಕಿವಡಸಣ್ಣವರ 1997ರಲ್ಲಿ ಬೆಂಗಳೂರಿನಲ್ಲಿ ‘ಸಮರ್ಥನಂ’ ಕಟ್ಟಲು ಕೈಹಾಕಿದರು. ನಮ್ಮವರೇ ಮಾಡಿ ತೋರಿಸಿದ್ದಾರೆ. ಸರ್ಕಾರ ಮಾಡಬೇಕಾದದ್ದು ಇದನ್ನೇ, ಪ್ರತಿ ತಾಲ್ಲೂಕಿನಲ್ಲಿ.

ನಮ್ಮ ಬೇಡಿಕೆ ನೇರ. ಹತ್ತನೇ ತರಗತಿಯ ನಂತರವಲ್ಲ, ಎಂಟನೇ ತರಗತಿಯಲ್ಲೇ ಪ್ರತಿ ವಿಕಲಚೇತನ ಮಗುವಿಗೆ ‘ಮುಂದೇನು’ ಎಂಬ ಯೋಜನೆ ಬರೆಯಿರಿ. ತರಬೇತಿ ಕನ್ನಡದಲ್ಲಿ ಕೊಡಿ. ದಾಂಡೇಲಿಯ ಕಾಗದ ಕಾರ್ಖಾನೆಯಿಂದ ಜೋಯಿಡಾದ ರೆಸಾರ್ಟ್‌ಗಳವರೆಗೆ ಉದ್ಯೋಗದಾತರನ್ನು ಶಾಲೆಗೆ ಕರೆಸಿ. ಓದುವಾಗಲೇ ಕೆಲಸದ ರುಚಿ ಸಿಗಲಿ. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆ ಮೀಸಲಿಡಬೇಕಾದ ಶೇ. 5ರ ಹಣದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ.

ನಗರದ ಗೆಳೆಯರೇ, ನಿಮಗೂ ಕೆಲಸವಿದೆ. ಪರೀಕ್ಷೆ ಬರೆಯಲು ಲಿಪಿಕಾರರಿಲ್ಲದೆ ಕಂಗೆಟ್ಟವರಿದ್ದಾರೆ. ಒಂದು ಭಾನುವಾರ ಕೊಡಿ. ಒಂದು ಪಠ್ಯಪುಸ್ತಕವನ್ನು ಕನ್ನಡದಲ್ಲಿ ಓದಿ ಧ್ವನಿಮುದ್ರಿಸಿ. ನೀವು ದುಡಿಯುವ ಕಂಪನಿಯಲ್ಲಿ ಎಷ್ಟು ವಿಕಲಚೇತನ ಕನ್ನಡಿಗರಿದ್ದಾರೆ ಎಂದು ನಾಳೆಯೇ ಕೇಳಿ.

ಮಾಸಾಶನ ಭಿಕ್ಷೆಯಲ್ಲ, ಹಕ್ಕು. ಆದರೆ ಅದು ಸಂಬಳವಲ್ಲ. ನವೆಂಬರ್ ಒಂದರಂದು ಬಾವುಟ ಹಾರಿಸುವ ಕೈಗಳೇ, ಕ್ಯಾಸಲ್‌ರಾಕ್‌ನ ಕಟ್ಟೆಯಲ್ಲಿ ಕಾಯುತ್ತಿರುವವರಿಗೂ ಕೈ ಚಾಚಿ. ಅವರನ್ನು ಬಿಟ್ಟು ಹೊರಟ ರೈಲು ಕನ್ನಡದ ರೈಲಲ್ಲ!