ಕೀಟಲೆಯಲ್ಲಿ ಪಾಲು

ಐವತ್ತು ದಾಟಿದ ಗಂಡಸರು, ಅದರಲ್ಲೂ ಕಂಪ್ಯೂಟರ್ ಉದ್ಯೋಗದವರು, ನಾಲ್ಕು ಜನ ಸೇರಿದರೆ ಒಂದು ಕತೆ ಹೊರಬೀಳುತ್ತದೆ. ಮೂಲತಃ ಅದು ಇಂಗ್ಲೆಂಡಿನ ಕತೆ. 1982ರಲ್ಲಿ ಅಲ್ಲಿ ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರ್ 125 ಪೌಂಡಿಗೆ ಬಂತು. ಮನೆಯ ಟೀವಿಯೇ ಅದಕ್ಕೆ ಪರದೆ, ಹಾಡು ಕೇಳುವ ಟೇಪ್ ರೆಕಾರ್ಡರೇ ಉಗ್ರಾಣ. ಅಂಗಡಿಗಳಲ್ಲಿ ಇಂಥವನ್ನು ಪ್ರದರ್ಶನಕ್ಕೆ ಇಡುತ್ತಿದ್ದರು. ಶಾಲೆ ಬಿಟ್ಟ ಹುಡುಗರು ನುಗ್ಗಿ, ಬೇಸಿಕ್ ಭಾಷೆಯಲ್ಲಿ ಎರಡೇ ಸಾಲು ಬರೆಯುತ್ತಿದ್ದರು. 'ಈ ಅಂಗಡಿ ದಂಡ' ಎಂದು ಬರೆ ಎನ್ನುವುದು ಮೊದಲ ಸಾಲು. ಮತ್ತೆ ಮೊದಲ ಸಾಲಿಗೆ ಹೋಗು ಎನ್ನುವುದು ಎರಡನೆಯದು. ಪರದೆ ತುಂಬ ಅದೇ ಮಾತು, ಹುಡುಗರು ಪರಾರಿ.

ಬಿಬಿಸಿ ಮೈಕ್ರೋ ಎಂಬ ಯಂತ್ರದಲ್ಲಿ ಚೇಷ್ಟೆ ಇನ್ನೂ ಜೋರು. ನಿಲ್ಲಿಸಲೆಂದು ಎಸ್ಕೇಪ್ ಗುಂಡಿ ಒತ್ತಿದರೆ ಪ್ರೋಗ್ರಾಂ ಮತ್ತೆ ಮೊದಲಿಂದ ಓಡುವಂತೆ ಮಾಡಬಹುದಿತ್ತು. ಬ್ರೇಕ್ ಗುಂಡಿಗೂ ಅಂಥದೇ ಆಜ್ಞೆಯನ್ನು ಮೊದಲೇ ಕಟ್ಟಿಡಬಹುದಿತ್ತು. ಕೊನೆಗೆ ಸ್ವಿಚ್ಚೇ ಆರಿಸಬೇಕು. ಆರಿಸಿದರೆ ನಷ್ಟವೇನು? ಏನೂ ಇಲ್ಲ. ಬೇಸಿಕ್ ಒಳಗಿನ ಚಿಪ್ಪಿನಲ್ಲಿ ಭದ್ರವಾಗಿತ್ತು. ಹುಡುಗರು ಬರೆದದ್ದು ಕರೆಂಟಿನ ಜೊತೆಗೇ ಮಾಯ, ಸ್ಲೇಟು ಒರೆಸಿದ ಹಾಗೆ.

ಈ ಕತೆ ಕೇಳಲು ನನಗೂ ಇಷ್ಟವೇ. ನನ್ನ ತಕರಾರು ಅದರ ಬಾಲದ ಮೇಲೆ. "ಹಾಗೆ ಆಡುತ್ತಲೇ ನಾವು ಕಲಿತೆವು. ಹುಡುಗಿಯರಿಗೆ ಇದರಲ್ಲೆಲ್ಲ ಆಸಕ್ತಿ ಇರಲಿಲ್ಲ ಬಿಡಿ." ಮೊದಲ ಮಾತು ನೂರಕ್ಕೆ ನೂರು ನಿಜ. ಅದು ನಿಜವಾದ್ದರಿಂದಲೇ ಎರಡನೆಯದು ಅನ್ಯಾಯ.

ಆಸಕ್ತಿ ಇರಲಿಲ್ಲವೇ? 1946ರಲ್ಲಿ ಜಗತ್ತಿನ ಮುಂದೆ ತಂದಿಟ್ಟ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಂ ಕಟ್ಟಿದವರು ಆರು ಜನ ಹೆಂಗಸರು. ಅಮೆರಿಕದಲ್ಲಿ 1984ರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಶೇಕಡಾ 37 ಹೆಣ್ಣುಮಕ್ಕಳು. 2010ರ ಸುಮಾರಿಗೆ ಅದು 18ರ ಆಸುಪಾಸಿಗೆ ಇಳಿದಿತ್ತು. ಕಂಪ್ಯೂಟರ್ ಮನೆಗಳಿಗೆ ಬಂದ ಮೇಲೆ ಇಳಿಯಿತು, ಗಮನಿಸಿ. ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಷರ್ ಅಲ್ಲಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ 2002ರಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ಎದ್ದು ಕಂಡ ಸಂಗತಿಯೆಂದರೆ, ಮನೆಗೆ ತಂದ ಕಂಪ್ಯೂಟರ್ ಹೆಚ್ಚಾಗಿ ಸೇರುತ್ತಿದ್ದುದು ಮಗನ ಕೋಣೆಯನ್ನು.

ನಮ್ಮಲ್ಲಿ ಮನೆಗಳಿಗೆ ಬಂದದ್ದು ತಡವಾಗಿ. ಆದರೆ ಅದೇ ಬಿಬಿಸಿ ಮೈಕ್ರೋ 1984-85ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಂತು. ನಾನು ಓದುತ್ತಿದ್ದ ಶಾಲೆಗೂ ಬಂತು. ಚಪ್ಪಲಿ ಹೊರಗೆ ಬಿಟ್ಟು, ದೇವರಮನೆ ಹೊಕ್ಕಂತೆ ಹೋಗಬೇಕು. ಯಂತ್ರದ ಮುಂದಿನ ಕುರ್ಚಿ ಹುಡುಗರಿಗೆ. ನಮ್ಮ ಅಕ್ಷರ ದುಂಡಗಂತೆ, ಹಾಗಾಗಿ ಪ್ರೋಗ್ರಾಮನ್ನು ನೋಟ್‌ಬುಕ್ಕಿಗೆ ಇಳಿಸುವ ಕೆಲಸ ನಮ್ಮದು! ಒಬ್ಬ ಹುಡುಗ ಮೇಷ್ಟ್ರ ಅಡ್ಡಹೆಸರನ್ನು ಪರದೆ ತುಂಬ ಹರಿಸಿದ. ಮೇಷ್ಟ್ರು ಕಿವಿ ಹಿಂಡಿದರು, ಆಮೇಲೆ "ಚುರುಕು ಹುಡುಗ" ಎಂದು ಎಲ್ಲರ ಮುಂದೆ ಹೇಳಿಕೊಂಡರು. ಅದೇ ವಾರ ನನ್ನ ಗೆಳತಿ ತನ್ನ ಹೆಸರನ್ನು ಮೂಡಿಸಿ ನೋಡಿದಳು, ಬರೀ ಒಂದು ಸಲ. ಸರ್ಕಾರದ ಸಾಮಾನು, ಆಟದ ವಸ್ತುವಲ್ಲ ಎಂದು ಅವಳ ತಂದೆಗೆ ಹೇಳಿಕಳಿಸಿದರು. ಹುಡುಗ ಮಾಡಿದರೆ ಚುರುಕು, ಹುಡುಗಿ ಮಾಡಿದರೆ ಚೆಲ್ಲುಚೆಲ್ಲು.

ಕಳೆದುಕೊಂಡದ್ದು ಒಂದು ನಗೆಯನ್ನು ಮಾತ್ರವಲ್ಲ. ನಿಲ್ಲಿಸುವ ಗುಂಡಿಗೆ ಟೋಪಿ ಹಾಕಬೇಕಾದರೆ ಅದು ಹೇಗೆ ನಿಲ್ಲಿಸುತ್ತದೆಂದು ತಿಳಿದಿರಬೇಕು. ಹುಡುಗರಿಗೆ ಅದು ತಿಳಿಯಿತು, ಜೊತೆಗೆ ಭಯವೂ ಹೋಯಿತು. ಅಚ್ಚುಕಟ್ಟಾಗಿ ನಕಲು ಮಾಡಿದ ನಮಗೆ ಅಂಕ ಬಂತು, ಭಯ ಉಳಿಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನಾಯಿತು. ದಂಡ ಮಾಡಬಹುದಾದ ಹೊತ್ತು ಎಂಬ ಆಸ್ತಿಯನ್ನು ಯಾವ ಕಾನೂನು ಹಂಚೀತು?

ಈಗ ನಾವೇ ತಾಯಂದಿರು, ಅಜ್ಜಿಯರು. ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ "ಓದಿಗೆ ಮಾತ್ರ ಕಣೇ" ಎನ್ನುತ್ತೇವೆ. ಮಗನಿಗೂ ಅದೇ ಷರತ್ತು, ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಅವನ ಬಾಗಿಲು ತಟ್ಟುವವರಿಲ್ಲ. ಅವಳನ್ನು ಒಂಬತ್ತಕ್ಕೇ ಪಾತ್ರೆ ತೊಳೆಯಲು ಕರೆಯುತ್ತೇವೆ. ಒಂದು ಗಂಟೆ ಕರೆಯಬೇಡಿ. ಅಣ್ಣನ ಹೆಸರಿನ ಮುಂದೆ 'ಕೋತಿ' ಎಂದು ಸಾವಿರ ಸಲ ಮೂಡುವ ಪ್ರೋಗ್ರಾಂ ಬರೆದುಕೊಳ್ಳಲಿ. ಆ ಹೊತ್ತಿನಲ್ಲಿ ಪಾತ್ರೆಯನ್ನು ಅಣ್ಣ ತೊಳೆಯಲಿ.