ಮೂಡಲ ಬಾಗಿಲಲ್ಲಿ ಇರುಳ ಬಿಡಾರ

ಮುಳುಬಾಗಿಲು ಎಂಬ ಹೆಸರು ‘ಮೂಡಲ ಬಾಗಿಲು’ ಎಂಬುದರಿಂದ ಬಂದುದೆಂದು ಹೇಳುವುದುಂಟು. ಮೂಡಣದಿಂದ ಘಟ್ಟವೇರಿ ಬರುವವನಿಗೆ ಅದು ಕನ್ನಡ ನಾಡಿನ ಮೊದಲ ಬಾಗಿಲು; ಇಲ್ಲಿಂದ ಹೊರಡುವವನಿಗೆ ಕೊನೆಯ ಬಾಗಿಲು. ಹಿಂದಿನ ಕಾಲದಲ್ಲಿ ತಿರುಪತಿಗೆ ಹೊರಟ ಯಾತ್ರಿಕರು ಊರ ಬಳಿಯ ನರಸಿಂಹತೀರ್ಥದಲ್ಲಿ ಮಿಂದು ಮಡಿಯಾಗಿ ಮುಂದಿನ ಹಾದಿ ಹಿಡಿಯುತ್ತಿದ್ದರು. ಅವರಲ್ಲಿ ಯಾರೂ ಒಂಟಿಯಾಗಿ ಹೋಗುತ್ತಿರಲಿಲ್ಲ. ಇರುಳು ಎಲ್ಲಿ ತಂಗಬೇಕೆಂಬುದು ಹಗಲು ಹೊರಡುವ ಮೊದಲೇ ನಿಶ್ಚಯವಾಗಿರುತ್ತಿತ್ತು. ಎತ್ತಿಗೆ ಹುಲ್ಲು, ಬಾವಿಯ ನೀರು, ಹತ್ತು ಮಂದಿಯ ಸದ್ದು, ಈ ಮೂರೂ ಇದ್ದ ಕಡೆಯಲ್ಲಿಯೇ ಬಂಡಿಯ ನೊಗ ಕೆಳಗಿಳಿಯುತ್ತಿತ್ತು.

ಈಗ ಆ ಹಾದಿ ರಾಷ್ಟ್ರೀಯ ಹೆದ್ದಾರಿ 75. ಬಂಡಿಗಳು ಹೋಗಿ ಲಾರಿಗಳು ಬಂದಿವೆ. ಕೋಲಾರದಿಂದ ಮುಳುಬಾಗಿಲು ದಾಟಿ ನಂಗಲಿಯವರೆಗೆ ಇರುಳು ಪ್ರಯಾಣ ಮಾಡಿದವರು ಆ ಸಾಲನ್ನು ಕಂಡಿರಬೇಕು. ಪಂಜಾಬಿನದೊಂದು, ರಾಜಸ್ತಾನದದೊಂದು, ಆಂಧ್ರದ ನಾಲ್ಕು, ತಮಿಳುನಾಡಿನ ಐದು. ಮೇಲೆ ಟಾರ್ಪಾಲು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ. ಚಾಲಕನ ಆಸನದ ಹಿಂದಿನ ಹಲಗೆಯ ಮೇಲೆ ಹಾಸಿಗೆ, ಮೂಲೆಯಲ್ಲಿ ಪುಟ್ಟ ಒಲೆ, ಕನ್ನಡಿಯ ಮೇಲ್ಗಡೆ ಅವರವರ ಮನೆದೇವರು. ತಿಂಗಳಲ್ಲಿ ಇಪ್ಪತ್ತು ದಿನ ಅವರಿಗೆ ಅದೇ ಮನೆ. ಇತ್ತೀಚೆಗೆ ಉಳ್ಳವರೂ ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಊರು ಸುತ್ತುವುದಕ್ಕೆ ಹೊರಟಿದ್ದಾರೆ. ಕ್ಯಾರವಾನ್ ಎಂದು ಅದರ ಹೆಸರು. ಹಾಸಿಗೆ, ಅಡುಗೆಯ ಕಟ್ಟೆ, ಸ್ನಾನದ ಕೋಣೆ ಎಲ್ಲವೂ ಅದರೊಳಗೆ ಇರುತ್ತವೆ. ಕೇರಳ ಸರ್ಕಾರ 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಪ್ರಕಟಿಸಿತು. ಲಾರಿಯವನು ಹೊಟ್ಟೆಪಾಡಿಗಾಗಿ ಗಾಲಿಯ ಮೇಲೆ ಮಲಗುತ್ತಾನೆ, ಕ್ಯಾರವಾನಿನವರು ಸಂತೋಷಕ್ಕಾಗಿ. ಕತ್ತಲಾದ ಮೇಲೆ ಇಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ನಿಲ್ಲಬಹುದೆ?

ಈ ಸೀಮೆಗೆ ಹೊರಗಿನವರು ಬರುವುದು ಋತುಮಾನವನ್ನು ಅನುಸರಿಸಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳ ಮುಂದೆ ಲಾರಿ ನಿಲ್ಲಿಸಲು ಗೇಣು ಜಾಗ ಸಿಗುವುದಿಲ್ಲ. (ಪಾಪನಪಲ್ಲಿ ಎಂದಿದ್ದ ಆ ಊರಿಗೆ ದಿವಾನ್ ಪೂರ್ಣಯ್ಯನವರ ಮಗನ ಹೆಸರು ಬಂದು ಶ್ರೀನಿವಾಸಪುರವಾಯಿತೆಂಬುದು ಅಲ್ಲಿಯ ಮಾವನ್ನು ಸವಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತೊ!) ಮಾಲೂರಿಗೆ ಹೆಂಚು, ಇಟ್ಟಿಗೆಗಳಿಗಾಗಿ ಬರುತ್ತಾರೆ. ಕೋಲಾರದ ಕೃಷಿ ಮಾರುಕಟ್ಟೆಗೆ ಟೊಮ್ಯಾಟೊ ಹಣ್ಣಿಗಾಗಿ ದೇಶದ ಮೂಲೆಮೂಲೆಯ ವಾಹನಗಳು ಬರುತ್ತವೆ. ಹದಿನೈದು ಕಿಲೋ ಹಿಡಿಯುವ ಪೆಟ್ಟಿಗೆಗಳನ್ನು ಏಳೆಂಟು ಸಾಲು ಎತ್ತರಕ್ಕೆ ಪೇರಿಸಿಕೊಂಡು ಹೊರಟ ಲಾರಿಗೆ ಕಾಲದ ಹಂಗು ಬಹಳ, ಹಣ್ಣು ಕಾಯುವುದಿಲ್ಲ. ಕಾಯಲಾರದ ಸರಕನ್ನು ಹೊತ್ತವನು ನಿದ್ದೆಯನ್ನು ಕಡಿಮೆ ಮಾಡುತ್ತಾನೆ. ಕಡೆಗೆ ಕಣ್ಣು ಎಳೆಯತೊಡಗಿದಾಗ ಸಿಕ್ಕಿದಲ್ಲಿ ನಿಲ್ಲಿಸುತ್ತಾನೆ. ಅವಘಡಗಳ ಬೇರು ಬಹುಮಟ್ಟಿಗೆ ಈ ‘ಸಿಕ್ಕಿದಲ್ಲಿ’ ಎಂಬ ಮಾತಿನಲ್ಲಿದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961ರಷ್ಟು ಹಿಂದೆಯೇ ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ವಿಧಿಸಿತು. ಟೊಮ್ಯಾಟೊಗೆ ಆ ಕಾಯಿದೆ ತಿಳಿಯದು.

ಹಾದಿಯ ಭಯ ಈ ಸೀಮೆಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಸೆರೆ ಸಿಕ್ಕಿದರು. ಅವರು ಪ್ರಯಾಣಿಕರ ಕುತ್ತಿಗೆಗೆ ಕುಣಿಕೆ ಹಾಕುವ ಪಂಗಡದವರೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟುಗಳ ನಡುವೆ, ಎಂದರೆ ಮುಳುಬಾಗಿಲಿನಿಂದ ಇಳಿದು ಹೋಗುವ ಹಾದಿಯ ಮುಂದುವರಿಕೆಯಲ್ಲಿ, ಮತ್ತಷ್ಟು ಮಂದಿ ಸಿಕ್ಕಿಬಿದ್ದಾಗ ಗುಟ್ಟು ರಟ್ಟಾಯಿತು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಕನ್ನಡದವರು ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ಅದರಲ್ಲಿ ದಾಖಲಿಸಿದ್ದಾನೆ. ಇಂಗ್ಲಿಷರು ಈ ಕಥೆಯನ್ನು ಎಷ್ಟು ಬೆಳೆಸಿದರು, ಇದ್ದುದೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ವಾದ ಮುಗಿದಿಲ್ಲ. ಆದರೆ ಶೆರ್ವುಡ್ಡನು ಬಣ್ಣಿಸುವ ರೀತಿಯೊಂದು ಗಮನಿಸತಕ್ಕದ್ದು. ತಂತಿ ಕಳ್ಳರು ಪೊದೆಯಿಂದ ಹಾರಿ ಬೀಳುತ್ತಿರಲಿಲ್ಲ. ದಾರಿಯಲ್ಲಿ ಜೊತೆಯಾಗುತ್ತಿದ್ದರು, ಎಲ್ಲಿಗೆ ಪಯಣವೆಂದು ವಿಚಾರಿಸುತ್ತಿದ್ದರು, ಕಾಲ ಕೆಟ್ಟಿದೆ, ಒಟ್ಟಾಗಿ ಹೋಗೋಣ ಎನ್ನುತ್ತಿದ್ದರು. ಅಭಯವನ್ನು ಮುಂದೊಡ್ಡಿಕೊಂಡು ಅಪಾಯ ಬರುತ್ತಿತ್ತು.

ಇದು ಇನ್ನೂರು ವರ್ಷದ ಹಿಂದಿನ ಮಾತಾಯಿತೆಂದು ಓದುಗರು ಪುಟ ತಿರುವಬಾರದು. 2023ರ ಜುಲೈ ತಿಂಗಳಲ್ಲಿ ಟೊಮ್ಯಾಟೊ ಬೆಲೆ ಗಗನಕ್ಕೇರಿ, ಕೋಲಾರದಲ್ಲಿ ಒಂದು ಪೆಟ್ಟಿಗೆಗೆ ಎರಡು ಸಾವಿರ ರೂಪಾಯಿಯನ್ನೂ ದಾಟಿದ ಕಾಲ. ಹಿರಿಯೂರು ಕಡೆಯ ರೈತರೊಬ್ಬರ ಸುಮಾರು ಎರಡೂವರೆ ಟನ್ನು ಹಣ್ಣು ಹೊತ್ತ ವಾಹನವೊಂದು ಕೋಲಾರದ ಮಾರುಕಟ್ಟೆಗೆಂದು ಹೊರಟಿತ್ತು. ಬೆಂಗಳೂರಿನಲ್ಲಿ ಕಾರೊಂದು ಅದನ್ನು ಅಡ್ಡಗಟ್ಟಿತು. ನಿಮ್ಮ ವಾಹನ ನಮ್ಮ ಕಾರಿಗೆ ತಗಲಿದೆ, ನಷ್ಟ ಕಟ್ಟಿಕೊಡಿ ಎಂದು ಜಗಳ ತೆಗೆದರು. ಮಾತು ಬೆಳೆಯಿತು. ಕಾರಿನವರು ಆ ವಾಹನವನ್ನೇ ಹತ್ತಿದರು. ಕಡೆಗೆ ಅದರಲ್ಲಿದ್ದವರನ್ನು ಕೆಳಗಿಳಿಸಿ ಹಣ್ಣಿನ ಸಮೇತ ಹೊರಟುಹೋದರು. ಎರಡು ವಾರಗಳ ಅನಂತರ ಪೊಲೀಸರು ತಮಿಳುನಾಡಿನ ದಂಪತಿಗಳನ್ನು ಬಂಧಿಸಿದರು. ಹಣ್ಣು ಆ ವೇಳೆಗೆ ಗಡಿ ದಾಟಿ ಮಾರಾಟವಾಗಿತ್ತೆಂದು ತಿಳಿಯಿತು.

ಇಲ್ಲಿ ಕುಣಿಕೆಯಾದದ್ದು ಮರ್ಯಾದೆ. ತಪ್ಪು ಮಾಡಿದೆವೇನೋ ಎಂಬ ಅಳುಕು ಸಭ್ಯನನ್ನು ಕೆಳಗಿಳಿಸುತ್ತದೆ. ಕಳ್ಳನಿಗೆ ಬೇಕಾದುದು ಅಷ್ಟೇ. ಅನುಭವಸ್ಥ ಚಾಲಕರು ಇಂಥ ಹೊತ್ತಿನಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. ಗಾಜು ನಾಲ್ಕು ಬೆರಳು ಇಳಿಸಿ, “ಸ್ವಾಮಿ, ಮುಂದೆ ಪೆಟ್ರೋಲ್ ಬಂಕ್ ಇದೆ, ದೀಪದ ಬೆಳಕಿನಲ್ಲಿ ನೋಡೋಣ ಬನ್ನಿ” ಎಂದು ವಾಹನವನ್ನು ಮುಂದಕ್ಕೆ ಬಿಡುತ್ತಾರೆ. ಜೊತೆಯಲ್ಲಿ 112ಕ್ಕೆ ಕರೆ ಮಾಡುತ್ತಾರೆ. ನಿಜವಾಗಿಯೂ ಪೆಟ್ಟಾದವನು ಹಿಂದೆ ಬರುತ್ತಾನೆ. ಹಾಗೆಂದು ಯಾರಿಗಾದರೂ ಗಾಯವಾಗಿದ್ದರೆ ಓಡಿಹೋಗುವುದು ಅಪರಾಧ, ಅಮಾನುಷ. ಈ ಎರಡರ ಭೇದವನ್ನು ಕ್ಷಣದಲ್ಲಿ ಕಂಡುಕೊಳ್ಳಬೇಕಾದದ್ದೇ ಕಷ್ಟ. ಟಯರು ನೋಡಿ, ಹೊಗೆ ಬರುತ್ತಿದೆ ಎಂದು ಪಕ್ಕದಲ್ಲಿ ಓಡುತ್ತ ಕೈಸನ್ನೆ ಮಾಡುವವರ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಅವರು ಉಪಕಾರಿಗಳೇ ಆಗಿರಬಹುದು. ಆದರೂ ಟಯರನ್ನು ನೋಡುವುದು ನಾಲ್ಕು ಜನರಿರುವ ಕಡೆಯಲ್ಲಿ.

ನಿಲ್ಲುವ ಜಾಗದ ವಿಚಾರ. ಹೆದ್ದಾರಿಯ ಅಂಚು ಎಂದಿಗೂ ಬಿಡಾರವಲ್ಲ. ದೀಪ ಆರಿಸಿ ಅಂಚಿನಲ್ಲಿ ನಿಂತ ಲಾರಿಗೆ ಹಿಂದಿನಿಂದ ಬಂದು ಬಡಿದು ಸತ್ತವರ ಸುದ್ದಿಯಿಲ್ಲದ ವಾರ ಕನ್ನಡ ಪತ್ರಿಕೆಗಳಲ್ಲಿ ವಿರಳ. 1988ರ ಮೋಟಾರು ವಾಹನ ಕಾಯಿದೆಯ 122ನೆಯ ಸೆಕ್ಷನ್ ಹೀಗೆ ಅಪಾಯವಾಗುವಂತೆ ವಾಹನ ನಿಲ್ಲಿಸುವುದನ್ನು ನಿಷೇಧಿಸಿದೆ. ಕೆಟ್ಟು ನಿಂತರೆ ಹಿಂದೆ ಸಾಕಷ್ಟು ದೂರದಲ್ಲಿ ಮಿನುಗುವ ತ್ರಿಕೋನವನ್ನಿಟ್ಟು, ಎಲ್ಲರೂ ಇಳಿದು ರಸ್ತೆಯಿಂದ ಆಚೆ ಹೋಗಿ ನಿಂತು, 1033ಕ್ಕೆ ತಿಳಿಸಬೇಕು. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ. ಅಂಥ ಹೊತ್ತಿನಲ್ಲಿ ವಾಹನದೊಳಗೆ ಕುಳಿತು ಕಾಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕ್ಷೇಮವೆಂಬುದೂ ಅರ್ಧ ಸತ್ಯ. ಮಾಲೂರು ಕಡೆಯ ನೀಲಗಿರಿ ತೋಪುಗಳು ಹಗಲಿನಲ್ಲಿ ನೋಡಲು ಚೆಲುವು. ಇರುಳು ಅಲ್ಲಿ ಕೂಗಿದರೆ ಓಗೊಡುವವರಿಲ್ಲ. ಕೆರೆಗಳದ್ದು ಇನ್ನೊಂದು ಕಥೆ. ಈ ಜಿಲ್ಲೆಯ ಎಷ್ಟೋ ಕೆರೆಗಳು ಹಲವು ವರ್ಷ ಬತ್ತಿ, ಅಂಗಳದಲ್ಲಿ ಬಂಡಿಜಾಡು ಬಿದ್ದು ಅದೇ ದಾರಿಯಾಗಿತ್ತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಇಲ್ಲಿಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕೈಯ ಫೋನಿನ ನಕ್ಷೆ ತೋರಿಸುವ ಕಾಲುದಾರಿಯ ಕೊನೆಯಲ್ಲಿ ಈಗ ಆಳುದ್ದ ನೀರು ನಿಂತಿರಬಹುದು. ನೀರಿಳಿದ ಕಡೆಯಲ್ಲಿ ಮೇಲೆ ಒಣಗಿದ ಪದರ, ಕೆಳಗೆ ಕೆಸರು. ಭಾರದ ವಾಹನ ಒಮ್ಮೆ ಹೂತರೆ ಟ್ರ್ಯಾಕ್ಟರು ಬರುವವರೆಗೆ ಅಲ್ಲಿಯೇ ವಾಸ. ಏರಿಯ ಮೇಲೆ ನಿಲ್ಲಿಸುವುದೂ ಬೇಡ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಆ ನೀರನ್ನು ಕುಡಿಯಲು ತುಂಬಿಕೊಳ್ಳಲಾಗದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲಿ? ಇರುಳೆಲ್ಲ ತೆರೆದಿರುವ ಬಂಕು, ವೇಬ್ರಿಡ್ಜು, ಮಂಡಿಯ ಅಂಗಳ, ಲಾರಿಗಳು ವಾಡಿಕೆಯಾಗಿ ನಿಲ್ಲುವ ಡಾಬಾ, ಯಾತ್ರಾಸ್ಥಳದ ವಾಹನ ನಿಲ್ದಾಣ. ಸದ್ದಿನಿಂದ ನಿದ್ದೆ ಕೆಡುತ್ತದೆಂದು ಕ್ಯಾರವಾನಿನವರು ಗೊಣಗುವುದುಂಟು. ಕೆಡಲಿ. ಹೊತ್ತು ಮುಳುಗುವ ಮೊದಲೇ ಜಾಗ ಸೇರಬೇಕು. ಅಲ್ಲಿಯ ಯಜಮಾನನನ್ನು ಕೇಳಿ ನಿಲ್ಲಿಸಬೇಕು. ವಾಹನದ ಮುಖ ರಸ್ತೆಯ ಕಡೆಗಿರಬೇಕು, ಹೊರಡಬೇಕೆಂದಾಗ ಒಂದೇ ತಿರುವಿಗೆ ಹೊರಡುವಂತೆ. ಕೀಲಿಕೈ ಯಾವಾಗಲೂ ಒಂದೇ ಕಡೆಯಲ್ಲಿರಬೇಕು.

ಬಾಗಿಲು ಭದ್ರಪಡಿಸಿದ ಮೇಲೆ ಹೊರಗಿನ ಭಯ ತೀರುತ್ತದೆ. ಒಳಗಿನದು ಆಗ ಪ್ರಾರಂಭವಾಗುತ್ತದೆ. 2024ರ ಡಿಸೆಂಬರ್ 23ರಂದು ಕೇರಳದ ವಡಗರದಲ್ಲಿ, ರಸ್ತೆಯ ಬದಿಯಲ್ಲಿ ಹಿಂದಿನ ದಿನದಿಂದ ನಿಂತಿದ್ದ ಕ್ಯಾರವಾನೊಂದರಲ್ಲಿ ಇಬ್ಬರು ಗಂಡಸರ ಶವಗಳು ಕಂಡುಬಂದವು. ಗಾಯವಿಲ್ಲ, ಕಳವಿಲ್ಲ. ತಂಪಿಗಾಗಿ ಓಡಿಸಿದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿ ಅವರನ್ನು ನಿದ್ದೆಯಲ್ಲಿಯೇ ಕೊಂದಿತ್ತೆಂದು ಪರೀಕ್ಷೆಯಿಂದ ತಿಳಿಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನಲ್ಲಿ ಪ್ರಾಣವಾಯು ಕೂರಬೇಕಾದ ಜಾಗವನ್ನು ತಾನು ಹಿಡಿದು ಕೂರುತ್ತದೆ. ತಲೆ ಭಾರವಾದವನು ದಣಿವೆಂದುಕೊಂಡು ಮಲಗುತ್ತಾನೆ, ಏಳುವುದಿಲ್ಲ. ಮಾಗಿಯ ಚಳಿಯಲ್ಲಿ ಕೋಲಾರದ ಬಯಲಲ್ಲಿ ನಿಂತ ಲಾರಿಯ ಗಾಜು ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಳ್ಳುವವನಿಗೂ, ಯಂತ್ರ ಓಡುತ್ತಿರುವಂತೆಯೇ ತಂಪು ಹಾಕಿಕೊಂಡು ಮಲಗುವವನಿಗೂ ಇದೇ ಗತಿ ಒದಗಬಹುದು. ಒಲೆ ಆರಬೇಕು, ಯಂತ್ರ ನಿಲ್ಲಬೇಕು, ಎದುರುಬದುರಿನ ಎರಡು ಗಾಜು ಬೆರಳಷ್ಟಾದರೂ ತೆರೆದಿರಬೇಕು. ಕ್ಯಾರವಾನ್ ಕೊಳ್ಳುವವರು ಮೊದಲು ಕೊಳ್ಳಬೇಕಾದದ್ದು ಈ ಅನಿಲವನ್ನು ಕಂಡರೆ ಕೂಗುವ ಪುಟ್ಟ ಯಂತ್ರ. ಪರದೆ, ಮೆತ್ತೆಗಳು ಆಮೇಲೆ ಬರಲಿ.

ಇನ್ನೊಂದು ಭಯವನ್ನು ಪ್ರಯಾಣಿಕರು ನೆನೆಯುವುದೇ ಇಲ್ಲ. ಊರು ತಮಗೆ ಅಪರಿಚಿತವಾಗಿರುವಂತೆ ಊರಿಗೆ ತಾವೂ ಅಪರಿಚಿತರು. 2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದ ಸ್ನೇಹಿತರು ಬೀದರ ಜಿಲ್ಲೆಯ ಹಳ್ಳಿಯೊಂದರ ಬಳಿ ನಿಂತಾಗ ಅವರಲ್ಲೊಬ್ಬರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಪುಕಾರು ಆ ತಿಂಗಳುಗಳಲ್ಲಿ ಫೋನಿನಿಂದ ಫೋನಿಗೆ ಹರಡುತ್ತಿದ್ದ ಕಾಲ. ಇವರು ಹೆದರಿ ಹೊರಟರು. ಸುದ್ದಿ ಇವರಿಗಿಂತ ಮೊದಲೇ ಮುರ್ಕಿ ಎಂಬ ಊರನ್ನು ಮುಟ್ಟಿತು. ಅಲ್ಲಿ ದಾರಿ ಕಟ್ಟಿದ ಗುಂಪು ಅವರನ್ನು ಬಡಿಯಿತು. ಒಬ್ಬ ತರುಣ ಇಂಜಿನಿಯರ್ ಸತ್ತನು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಂದು ಹಿಡಿ ಸಿಹಿಗೆ ಒಂದು ಜೀವ ಹೋಯಿತು.

ಇದರಲ್ಲಿ ಸತ್ತವನ ತಪ್ಪೇನೂ ಇಲ್ಲ. ಗುಂಪುಗೂಡಿ ಕೊಂದವರಿಗೆ ಯಾವ ಭಯವೂ ಸಮಾಧಾನವಾಗಲಾರದು. ಆದರೂ ನಾಳೆ ಹೊರಡುವವರು ತಿಳಿದಿರಬೇಕಾದ ಸಂಗತಿಯೊಂದು ಇದರಲ್ಲಿದೆ. ಕಪ್ಪು ಗಾಜಿನ ದೊಡ್ಡ ವಾಹನವೊಂದು ಮುಸ್ಸಂಜೆಯಲ್ಲಿ ಊರ ಹೊರಗೆ ಬಂದು ನಿಂತು, ಯಾರೊಂದಿಗೂ ಮಾತನಾಡದೆ ಪರದೆ ಎಳೆದುಕೊಂಡರೆ ಊರಿನವರು ಏನೆಂದುಕೊಳ್ಳಬೇಕು? ಮಕ್ಕಳನ್ನು ಮಾತನಾಡಿಸುವ ಮೊದಲು ಅರಳಿಕಟ್ಟೆಯ ಹಿರಿಯರನ್ನು ಮಾತನಾಡಿಸಬೇಕು. ಹೆಂಗಸರು ನೀರು ಹಿಡಿಯುವ ಕಡೆ ಕ್ಯಾಮರಾ ಹಿಡಿದು ಹೋಗಬಾರದು. ಕೋಲಾರ ಸೀಮೆಯಲ್ಲಿ ಭಾಷೆಯ ತೊಡಕಿಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತೆಲುಗಿನಲ್ಲಿ ಉತ್ತರ ಬಂದು, ನಡುವೆ ಒಬ್ಬರು ತಮಿಳಿನಲ್ಲಿ ತಿದ್ದುವುದು ಇಲ್ಲಿ ದಿನದ ಮಾತು. ಯಾವ ನುಡಿಯಲ್ಲಾದರೂ ಸರಿ, ಮೊದಲ ಮಾತು ಬಂದವನದಾಗಬೇಕು. ತಾನಾಗಿ ಅರಸಿಕೊಂಡು ಬರುವ ಸ್ನೇಹವನ್ನು ಅಳೆದು ನೋಡುವುದು, ತಾನು ಅರಸಿಕೊಂಡು ಹೋಗಿ ಊರಿನ ಸ್ನೇಹವನ್ನು ಗಳಿಸುವುದು, ಇವೆರಡನ್ನೂ ಹಳೆಯ ಯಾತ್ರಿಕರು ಬಲ್ಲವರಾಗಿದ್ದರು.

ಹೆದ್ದಾರಿಯ ಲಾರಿಯವರಿಗೂ ಇದು ಗೊತ್ತು. ಡಾಬಾದ ಅಂಗಳಕ್ಕೆ ಗಾಡಿ ತಂದವನು ಊಟಕ್ಕೆ ಮೊದಲು ಗಲ್ಲಾದ ಬಳಿ ನಿಂತು ಎರಡು ಮಾತನಾಡುತ್ತಾನೆ. “ಎಲ್ಲಿಂದಪ್ಪ?” ಎಂಬ ಪ್ರಶ್ನೆಗೆ ಊರ ಹೆಸರು ಹೇಳುತ್ತಾನೆ; ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇನೆ, ಏಳದಿದ್ದರೆ ಬಾಗಿಲು ಬಡಿಯಿರಿ ಎನ್ನುತ್ತಾನೆ. ಅತ್ತ ಅವನ ಮನೆಯವರಿಗೆ ಫೋನಿನಲ್ಲಿ ತಾನು ನಿಂತ ಜಾಗದ ಹೆಸರು ಹೋಗಿರುತ್ತದೆ. ಗಲ್ಲಾದವನು ತಲೆಯಾಡಿಸಿ ಅಂಗಳದ ಮೂಲೆಯ ಒಂದು ದೀಪವನ್ನು ಉಳಿಸಿ ಮಿಕ್ಕವನ್ನು ಆರಿಸುತ್ತಾನೆ. ನಾಲ್ಕಕ್ಕೆ ಯಾರೋ ಹುಡುಗ ಬಂದು ಲಾರಿಯ ತಗಡನ್ನು ಬಡಿಯುತ್ತಾನೆ; ಒಳಗಿನಿಂದ “ಹೂಂ” ಎಂಬ ಸದ್ದು ಬರುವವರೆಗೆ ಬಡಿಯುತ್ತಲೇ ಇರುತ್ತಾನೆ.